ಈ ಮದುವೆ ಯಾವ ಊರಿನ ಲೆಕ್ಕಕ್ಕೆ?

ಅಕ್ಕನ ಮಗನ ಮದುವೆಯಾದ ಹತ್ತನೇ ದಿನ ಅವನ ಜೊತೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಸಾಕ್ಷಿ ಹಾಕಲು ಹೋಗಿದ್ದೆ. ಪ್ಲಾಸ್ಟಿಕ್ ಫೈಲಿನಲ್ಲಿ ಲಗ್ನಪತ್ರಿಕೆ, ಧಾರೆ ಎರೆಯುವ ಹೊತ್ತಿನ ಫೋಟೊ, ಎಲ್ಲರ ಆಧಾರ್ ಜೆರಾಕ್ಸು. ಪಕ್ಕದ ಬೆಂಚಿನಲ್ಲಿ ಸೈಟು ಬರೆಸಿಕೊಳ್ಳಲು ಬಂದವರು, ಅವರ ಪಕ್ಕ ಅಡಮಾನದ ಪತ್ರ ಬಿಡಿಸಿಕೊಳ್ಳಲು ಬಂದವರು. ನಮ್ಮಲ್ಲಿ ಮನೆ ಕಟ್ಟುವುದೂ ಮದುವೆ ಮಾಡುವುದೂ ಒಂದೇ ಗಾದೆಯೊಳಗಿದ್ದ ಹಾಗೆ ನೋಂದಣಿಯೂ ಒಂದೇ ಸೂರಿನಡಿ.

ಹುಡುಗ ದಾವಣಗೆರೆ ಕಡೆಯವನು, ಹುಡುಗಿ ಶಿವಮೊಗ್ಗದವಳು. ಧಾರೆ ನಡೆದದ್ದು ತುಮಕೂರಿನ ಹತ್ತಿರದ ಒಂದು ಛತ್ರದಲ್ಲಿ. ಬೆಂಗಳೂರಿನಿಂದ ಬರುವವರಿಗೂ ಊರ ಕಡೆಯವರಿಗೂ ಅನುಕೂಲವಾಗಲಿ ಅಂತ. ಹುಡುಗಿಯ ಕೆಲಸ ಬೆಂಗಳೂರಿನಲ್ಲಿ, ಹುಡುಗನದು ಸಿಯಾಟಲ್‌ನಲ್ಲಿ. ನೋಂದಣಿಯನ್ನು ಮದುವೆ ನಡೆದ ಜಾಗದ ಕಚೇರಿಯಲ್ಲಿ ಮಾಡಿಸಬಹುದು, ಗಂಡಿನ ಅಥವಾ ಹೆಣ್ಣಿನ ವಾಸಸ್ಥಳದ ಕಚೇರಿಯಲ್ಲೂ ಮಾಡಿಸಬಹುದು. ನಮಗೆ ಯಾವುದು ಸರಿ ಅಂತ ಗುಮಾಸ್ತರನ್ನು ಕೇಳಿದೆ. "ಎಲ್ಲಾದ್ರೂ ಮಾಡಿಸಿ ಸಾರ್, ಸರ್ಟಿಫಿಕೇಟ್ ಒಂದೇ" ಅಂದರು. ಅವರ ಮಟ್ಟಿಗೆ ಅದು ಸರಿಯಾದ ಉತ್ತರ. ಆದರೆ ವರ್ಷದ ಕೊನೆಗೆ ಯಾರಾದರೂ ಜಿಲ್ಲಾವಾರು ಮದುವೆಗಳನ್ನು ಎಣಿಸಿದರೆ ಈ ಒಂದು ಮದುವೆ ಯಾವ ಜಿಲ್ಲೆಗೆ ಸೇರಬೇಕು ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ದಾವಣಗೆರೆಗೋ, ಶಿವಮೊಗ್ಗಕ್ಕೋ, ತುಮಕೂರಿಗೋ?

ಧರ್ಮಸ್ಥಳವನ್ನೇ ನೋಡಿ. 1972ರಿಂದ ಅಲ್ಲಿ ಸಾಮೂಹಿಕ ವಿವಾಹ ನಡೆಯುತ್ತ ಬಂದಿದೆ. ಇಲ್ಲಿಯವರೆಗೆ ಮಂಜುನಾಥನ ಸನ್ನಿಧಿಯಲ್ಲಿ ಮಾಂಗಲ್ಯ ಕಟ್ಟಿದ ಜೋಡಿಗಳು 12 ಸಾವಿರಕ್ಕೂ ಹೆಚ್ಚು. ವಧೂವರರು ಬರುವುದು ಬೇರೆ ಬೇರೆ ಜಿಲ್ಲೆಗಳಿಂದ. ಮದುವೆ ನಡೆದ ಜಾಗವನ್ನೇ ಹಿಡಿದು ಎಣಿಸಿದರೆ ಆ ಒಂದು ಸಂಜೆಯಲ್ಲಿ ಬೆಳ್ತಂಗಡಿ ತಾಲ್ಲೂಕಿನ ಮದುವೆ ದರ ಗಗನಕ್ಕೆ ಏರುತ್ತದೆ, ಆ ಮಕ್ಕಳನ್ನು ಹೆತ್ತು ಬೆಳೆಸಿದ ಊರುಗಳದ್ದು ಅಷ್ಟೇ ಇಳಿಯುತ್ತದೆ. ದರವೆಂದರೆ ಭಿನ್ನರಾಶಿ: ಮೇಲೆ ಮದುವೆಗಳ ಸಂಖ್ಯೆ, ಕೆಳಗೆ ಜನಸಂಖ್ಯೆ. ಇಲ್ಲಿ ಮೇಲಿನ ಅಂಕಿಯಲ್ಲಿರುವವರು ಒಂದು ಊರಿನವರು, ಕೆಳಗಿನ ಅಂಕಿಯಲ್ಲಿರುವವರು ಇನ್ನೊಂದು ಊರಿನವರು.

ಇದೇ ಎಡವಟ್ಟಿನ ಅತಿ ದೊಡ್ಡ ಉದಾಹರಣೆ ಅಮೆರಿಕದ ನೆವಾಡ ರಾಜ್ಯ. ಅಲ್ಲಿ ಲಾಸ್ ವೇಗಸ್ ಇದೆ. ಮದುವೆ ಲೈಸೆನ್ಸಿಗೆ ಕಾಯಬೇಕಿಲ್ಲ, ಕಚೇರಿ ಮಧ್ಯರಾತ್ರಿವರೆಗೂ ತೆರೆದಿರುತ್ತದೆ, ಭಾನುವಾರವೂ ರಜೆಯಿಲ್ಲ. 1990ರಲ್ಲಿ ಇಡೀ ಅಮೆರಿಕದಲ್ಲಿ ಸಾವಿರ ಜನರಿಗೆ 9.8 ಮದುವೆಗಳಾದರೆ ನೆವಾಡದಲ್ಲಿ ಸಾವಿರಕ್ಕೆ 99. ನೆವಾಡದ ಜನ ಹತ್ತು ಪಟ್ಟು ಮದುವೆ ಹುಚ್ಚಿನವರೇನಲ್ಲ. ಮದುವೆಯಾಗಿ ಮರುದಿನ ಕ್ಯಾಲಿಫೋರ್ನಿಯಾಕ್ಕೆ ಹಿಂತಿರುಗಿದವರೂ ಅಲ್ಲಿನ ಪುಸ್ತಕದಲ್ಲಿ ಉಳಿದುಬಿಟ್ಟರು, ಅಷ್ಟೆ.

ಯಾವ ಊರಿನಲ್ಲಿ ಜನ ಹೆಚ್ಚು ಮದುವೆಯಾಗುತ್ತಾರೆ, ಯಾವ ಊರಿನಲ್ಲಿ ಕಡಿಮೆ? ಕೇಳಲು ಸುಲಭವಾದ ಈ ಪ್ರಶ್ನೆಗೆ ನಂಬಬಹುದಾದ ನಕ್ಷೆಯೊಂದು ಸಿಕ್ಕಿದ್ದು ತೀರ ಈಚೆಗೆ. ಅದೂ ಮದುವೆಯ ರಿಜಿಸ್ಟರಿನಿಂದಲ್ಲ, ಆದಾಯ ತೆರಿಗೆಯ ಕಡತದಿಂದ. ಆ ಕಡತದಲ್ಲಿ ಮದುವೆ ಬಂದು ಕೂತದ್ದು ಹೇಗೆ ಎಂಬ ಕತೆಯಲ್ಲಿ ಒಂದು ಹಳೆಯ ಆಸ್ತಿ ವ್ಯಾಜ್ಯವಿದೆ, ಒಂದೇ ರಾತ್ರಿಯಲ್ಲಿ ಮಾಯವಾದ 70 ಲಕ್ಷ ಮಕ್ಕಳಿದ್ದಾರೆ, ಸತ್ತ ಸಂಗಾತಿಗಾಗಿ ಸರ್ಕಾರದ ಮೇಲೆ ಮೊಕದ್ದಮೆ ಹೂಡಿದ ಒಬ್ಬ ಮುದುಕಿ ಇದ್ದಾಳೆ.

ಮೊದಲು ಪುಸ್ತಕದ ಕತೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರ ಜುಲೈ 1ರಿಂದ ಹುಟ್ಟು, ಸಾವು, ಮದುವೆಗಳನ್ನು ಸರ್ಕಾರವೇ ಬರೆದಿಡತೊಡಗಿತು. ಅದಕ್ಕೂ ಮುಂಚೆ ಬರೆಯುತ್ತಿದ್ದವರು ಚರ್ಚಿನ ಪಾದ್ರಿಗಳು. ಹೊಸ ಪುಸ್ತಕದ ಕಾಲಂಗಳು ಹೀಗಿದ್ದವು: ಮದುವೆಯ ದಿನ, ಇಬ್ಬರ ಹೆಸರು, ವಯಸ್ಸು, ಅವಿವಾಹಿತರೋ ವಿಧವೆ-ವಿಧುರರೋ, ಕಸುಬು, ಆಗಿನ ವಿಳಾಸ, ತಂದೆಯ ಹೆಸರು, ತಂದೆಯ ಕಸುಬು. ತಾಯಿಯ ಹೆಸರಿಗೆ ಜಾಗವೇ ಇರಲಿಲ್ಲ. ಆ ಕಾಲಂ ಬಂದದ್ದು 2021ರ ಮೇ ತಿಂಗಳಲ್ಲಿ; ನಡುವೆ 184 ವರ್ಷ!

ಈ ಪುಸ್ತಕಗಳಲ್ಲಿ ವಂಶವೃಕ್ಷ ಹುಡುಕುವವರಿಗೆ ಚೆನ್ನಾಗಿ ಗೊತ್ತಿರುವ ಒಂದು ಚೋದ್ಯವಿದೆ. ಗಂಡು-ಹೆಣ್ಣು ಇಬ್ಬರದೂ ಒಂದೇ ವಿಳಾಸ ಎಂದು ಎಷ್ಟೋ ಕಡೆ ಬರೆದಿರುತ್ತದೆ. ಮದುವೆಗೆ ಮುಂಚೆಯೇ ಒಟ್ಟಿಗಿದ್ದರೇ ಎಂದು ಮೊಮ್ಮಕ್ಕಳ ಮೊಮ್ಮಕ್ಕಳು ಹುಬ್ಬೇರಿಸುತ್ತಾರೆ. ವಿಷಯ ಬೇರೆ. ಗಂಡಿನದೊಂದು ಪ್ಯಾರಿಷ್, ಹೆಣ್ಣಿನದೊಂದು ಪ್ಯಾರಿಷ್ ಆದರೆ ಎರಡೂ ಚರ್ಚುಗಳಲ್ಲಿ ಮದುವೆಯ ಪ್ರಕಟಣೆ ಓದಿಸಬೇಕು, ಎರಡೂ ಕಡೆ ದುಡ್ಡು ಕಟ್ಟಬೇಕು. ಹಾಗಾಗಿ ಹುಡುಗ ಹುಡುಗಿಯ ಬೀದಿಯಲ್ಲೇ ತನ್ನ ವಾಸ ಎಂದು ಬರೆಸಿಬಿಡುತ್ತಿದ್ದ. ವಯಸ್ಸಿನ ಕಾಲಂ ಕೂಡ ಹೀಗೆಯೇ. ಎಷ್ಟೋ ಪಾದ್ರಿಗಳು ವರ್ಷ ಬರೆಯದೆ 'ಪ್ರಾಯಪ್ರಬುದ್ಧ' ಎಂಬರ್ಥದ ಒಂದು ಮಾತು ಗೀಚಿ ಮುಗಿಸುತ್ತಿದ್ದರು. 21 ದಾಟಿದೆಯೇ ಇಲ್ಲವೇ ಎನ್ನುವುದಷ್ಟೇ ಕಾನೂನಿಗೆ ಬೇಕಿತ್ತು. 22ಕ್ಕೋ 42ಕ್ಕೋ ಎಂಬುದು ಅಂಕಿಅಂಶದವರ ತಲೆನೋವು.

ಆ ತಲೆನೋವನ್ನು ಸಂತೋಷದಿಂದ ಹೊತ್ತವನು ವಿಲಿಯಂ ಫಾರ್. ಶ್ರಾಪ್‌ಶೈರಿನ ಬಡ ಮನೆಯ ಹುಡುಗ, ವೈದ್ಯನಾಗಿ ಕಲಿತವನು, 1839ರಲ್ಲಿ ಲಂಡನ್ನಿನ ರಿಜಿಸ್ಟ್ರಾರ್ ಜನರಲ್ ಕಚೇರಿ ಸೇರಿದ. ಮೂರು ತಿಂಗಳಿಗೊಮ್ಮೆ ದೇಶದ ಮೂಲೆಮೂಲೆಯಿಂದ ಬರುವ ನಕಲುಗಳನ್ನು ಜೋಡಿಸಿ ಗೋಧಿಯ ಬೆಲೆ, ವ್ಯಾಪಾರದ ಏರಿಳಿತಗಳ ಪಕ್ಕದಲ್ಲಿ ಮದುವೆಯ ಸಂಖ್ಯೆಯನ್ನು ಇಟ್ಟು ನೋಡಿದ. ಮದುವೆ ಎಂದರೆ ನಾಳೆಯ ಬಗ್ಗೆ ಜನರಿಗಿರುವ ಧೈರ್ಯದ ಅಳತೆ ಎಂಬುದು ಅವನ ನಿಲುವು. ಸುಗ್ಗಿ ಚೆನ್ನಾಗಿ ಬಂದ ವರ್ಷ ಛತ್ರ ಸಿಗುವುದಿಲ್ಲ ಎಂದು ನಮ್ಮ ಊರಿನ ವಾಲಗದವರೂ ಇದನ್ನೇ ಹೇಳುತ್ತಾರೆ. ಮದುವೆ ಪುಸ್ತಕದಲ್ಲಿ ಸಹಿಯ ಬದಲು ಕತ್ತರಿ ಗುರುತು ಹಾಕಿದವರನ್ನು ಎಣಿಸಿ ಅದೇ ಕಚೇರಿ ಸಾಕ್ಷರತೆಯನ್ನೂ ಅಳೆಯಿತು: 1840ರ ಆಸುಪಾಸಿನಲ್ಲಿ ನೂರಕ್ಕೆ ಸುಮಾರು 33 ಗಂಡುಗಳಿಗೂ 49 ಹೆಣ್ಣುಗಳಿಗೂ ಹೆಸರು ಬರೆಯಲು ಬರುತ್ತಿರಲಿಲ್ಲ. ಮದುವೆಗೆಂದು ಇಟ್ಟ ಪುಸ್ತಕ ಓದುಬರಹದ ಲೆಕ್ಕಕ್ಕೆ ಬಂತು. ಒಂದಕ್ಕೆಂದು ಬರೆದ ದಾಖಲೆ ಇನ್ನೊಂದಕ್ಕೆ ಒದಗುವ ಈ ಚಾಳಿಯನ್ನು ಮುಂದೆಯೂ ಕಾಣುತ್ತೀರಿ.

ಊರು-ಊರಿನ ವ್ಯತ್ಯಾಸವೂ ಅಲ್ಲೇ ಕಾಣತೊಡಗಿತ್ತು. ಕಲ್ಲಿದ್ದಲ ಗಣಿಯ ಸೀಮೆಯಲ್ಲಿ ಹುಡುಗರಿಗೆ ಬೇಗ ಸಂಬಳ, ಬೇಗ ಮದುವೆ. ಶ್ರೀಮಂತರ ಬಡಾವಣೆಗಳಲ್ಲಿ ಮನೆಗೆಲಸದ ಹುಡುಗಿಯರ ದಂಡು, ಅವರಿಗೆ ಮದುವೆಯೆಂದರೆ ಕೆಲಸ ಬಿಡುವುದು ಎಂದರ್ಥ. ಆದರೆ ಗಡಿ ದಾಟಿ ಹೋಗಿ ಮದುವೆಯಾಗುವವರನ್ನು ಹಿಡಿಯುವ ದಾರಿ ಫಾರ್‌ಗೂ ಇರಲಿಲ್ಲ. 1754ರಿಂದ ಇಂಗ್ಲೆಂಡಿನಲ್ಲಿ 21ರೊಳಗಿನವರು ತಂದೆತಾಯಿಯ ಒಪ್ಪಿಗೆಯಿಲ್ಲದೆ ಮದುವೆಯಾಗುವುದು ಕಷ್ಟವಾದಾಗ ಪ್ರೇಮಿಗಳು ಸ್ಕಾಟ್ಲೆಂಡಿನ ಗಡಿಯ ಗ್ರೆಟ್ನಾ ಗ್ರೀನ್ ಹಳ್ಳಿಗೆ ಓಡಿ ಕಮ್ಮಾರನ ಮುಂದೆ ನಿಂತು ಮದುವೆಯಾಗುತ್ತಿದ್ದರು. ಒಬ್ಬರಾದರೂ 21 ದಿನ ಸ್ಕಾಟ್ಲೆಂಡಿನಲ್ಲಿ ವಾಸವಿದ್ದಿರಬೇಕು ಎಂಬ ಕಾನೂನು 1856ರಲ್ಲಿ ಬಂದ ಮೇಲೆ ಆ ಓಟ ತಗ್ಗಿತು. ಆ ಪುಟ್ಟ ಹಳ್ಳಿಯೇ ಅಂದಿನ ಲಾಸ್ ವೇಗಸ್.

ಪುಸ್ತಕವೇ ಇಲ್ಲದ ದೇಶಗಳು ಏನು ಮಾಡಬೇಕು? ಜಾನ್ ಹಜ್ನಾಲ್ ಎಂಬ ಜನಸಂಖ್ಯಾ ಶಾಸ್ತ್ರಜ್ಞ 1953ರಲ್ಲಿ ಒಂದು ಒಳದಾರಿ ತೋರಿಸಿದ. ಆದ ಮದುವೆಗಳನ್ನು ಎಣಿಸಬೇಡಿ, ಪ್ರತಿ ವಯಸ್ಸಿನಲ್ಲಿ ಇನ್ನೂ ಮದುವೆಯಾಗದೆ ಉಳಿದವರನ್ನು ಎಣಿಸಿ. ಜನಗಣತಿಯೊಂದಿದ್ದರೆ ಸಾಕು, ಸರಾಸರಿ ಮದುವೆ ವಯಸ್ಸು ಸಿಗುತ್ತದೆ. ಪಂಕ್ತಿಯಲ್ಲಿ ಉಂಡವರನ್ನು ಎಣಿಸಲಾಗದಿದ್ದರೆ ಉಳಿದ ಎಲೆ ಎಣಿಸಿ ಲೆಕ್ಕ ಹಾಕುವ ಅಡುಗೆ ಭಟ್ಟರ ಜಾಣತನ ಇದು. ನಮ್ಮ ದೇಶದ ಮದುವೆ ವಯಸ್ಸಿನ ಬಗ್ಗೆ ನಾವು ಓದುವ ಅಂಕಿಗಳ ದೊಡ್ಡ ಪಾಲು ಈ ದಾರಿಯಲ್ಲಿ ಬಂದದ್ದೇ. ಜನಗಣತಿಯ ಆ ಕಾಲಂ ಕೂಡ ಕಾನೂನಿನ ಗಾಳಿಗೆ ಅಲುಗುತ್ತದೆ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯ್ದೆ ಪಾಸಾದದ್ದು 1929ರಲ್ಲಿ, ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ಆ ನಡುವಿನ ಕೆಲವೇ ತಿಂಗಳಲ್ಲಿ ಜನ ತೊಟ್ಟಿಲ ಮಕ್ಕಳನ್ನೂ ಎತ್ತಿ ತಂದು ಧಾರೆ ಎರೆದರು. 1921ರ ಗಣತಿಯಲ್ಲಿ ಸುಮಾರು 85 ಲಕ್ಷವಿದ್ದ 15ರೊಳಗಿನ ಹೆಂಡತಿಯರ ಸಂಖ್ಯೆ 1931ಕ್ಕೆ ಒಂದು ಕೋಟಿ 20 ಲಕ್ಷ ದಾಟಿತು. ಬಾಲ್ಯವಿವಾಹ ತಡೆಯುವ ಕಾನೂನೇ ಬಾಲ್ಯವಿವಾಹಗಳನ್ನು ಏರಿಸಿದ ಹಾಗೆ ಪುಸ್ತಕದಲ್ಲಿ ಕಂಡಿತು.

ಇನ್ನು ಅಮೆರಿಕ. ಅಲ್ಲಿ ಮದುವೆಯ ಲೈಸೆನ್ಸ್ ಕೊಡುವುದು ಕೌಂಟಿ, ನಮ್ಮ ಜಿಲ್ಲೆಯಂಥ ಘಟಕ. ಕೌಂಟಿಯ ಕಾಗದ ರಾಜ್ಯಕ್ಕೆ, ರಾಜ್ಯದ್ದು ಕೇಂದ್ರಕ್ಕೆ ಹೋಗಿ ಯಾರು, ಯಾವ ವಯಸ್ಸಿಗೆ, ಎಷ್ಟನೇ ಮದುವೆ ಎಂಬ ವಿವರಗಳೆಲ್ಲ ಕೂಡುತ್ತಿದ್ದವು. 1995ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಖರ್ಚು ಹೆಚ್ಚಾಯಿತೆಂದು ಕೈ ತೊಳೆದುಕೊಂಡಿತು. 1996ರಿಂದ ವಿವರಗಳು ನಿಂತವು, ಬರೀ ಒಟ್ಟು ಸಂಖ್ಯೆ ಉಳಿಯಿತು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶಕ್ಕೆ ತನ್ನ ಯಾವ ಕೌಂಟಿಯ ಯಾವ ವಯಸ್ಸಿನ ಜನ ಮದುವೆಯಾಗುತ್ತಿದ್ದಾರೆ ಎಂಬುದು ಗೊತ್ತಿಲ್ಲದಂತಾಯಿತು. 2008ರಿಂದ ಜನಗಣತಿ ಇಲಾಖೆಯ ವಾರ್ಷಿಕ ಸಮೀಕ್ಷೆಯಲ್ಲಿ 'ಕಳೆದ 12 ತಿಂಗಳಲ್ಲಿ ಮದುವೆಯಾದಿರಾ' ಎಂಬ ಪ್ರಶ್ನೆ ಸೇರಿತು. ಆದರೆ ಸಮೀಕ್ಷೆ ಸಮೀಕ್ಷೆಯೇ. ಸಣ್ಣ ಕೌಂಟಿಗೆ ಸಿಗುವ ಮಾದರಿ ಕೈಬೆರಳಲ್ಲಿ ಎಣಿಸುವಷ್ಟು.

ಈ ಖಾಲಿ ಜಾಗಕ್ಕೆ ಬಂದು ಕೂತದ್ದು ತೆರಿಗೆ ಇಲಾಖೆಯ ಕಡತ. ಅಲ್ಲಿ ಮದುವೆ ಹೇಗೆ ಬಂತು?

ಅಮೆರಿಕದ ಕೆಲವು ರಾಜ್ಯಗಳಲ್ಲಿ, ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯವೂ ಅವುಗಳಲ್ಲೊಂದು, ಗಂಡ ದುಡಿದದ್ದರಲ್ಲಿ ಅರ್ಧ ಕಾನೂನಿನ ಪ್ರಕಾರವೇ ಹೆಂಡತಿಯದು. ಆ ರಾಜ್ಯದ ಸೀಬಾರ್ನ್ ದಂಪತಿ ಹಾಗಿದ್ದಮೇಲೆ ತೆರಿಗೆಯನ್ನೂ ಅರ್ಧರ್ಧ ಕಟ್ಟುತ್ತೇವೆ ಎಂದರು. ತೆರಿಗೆ ಇಲಾಖೆ ಒಪ್ಪಲಿಲ್ಲ. 1930ರಲ್ಲಿ ಸುಪ್ರೀಂ ಕೋರ್ಟು ದಂಪತಿಯ ಪರ ತೀರ್ಪು ಕೊಟ್ಟಿತು. ಆದಾಯ ಏರಿದಂತೆ ತೆರಿಗೆಯ ದರವೂ ಏರುವ ಪದ್ಧತಿಯಲ್ಲಿ ಒಬ್ಬನ ಹತ್ತು ಸಾವಿರಕ್ಕೆ ಬೀಳುವ ತೆರಿಗೆಗಿಂತ ಇಬ್ಬರ ಐದೈದು ಸಾವಿರಕ್ಕೆ ಬೀಳುವುದು ಕಡಿಮೆ. ಪಕ್ಕದ ರಾಜ್ಯದವರು ಸುಮ್ಮನಿರುತ್ತಾರೆಯೇ? ಒಕ್ಲಹೋಮ, ಮಿಷಿಗನ್, ಪೆನ್ಸಿಲ್ವೇನಿಯಾಗಳಂಥ ರಾಜ್ಯಗಳು ಹೆಂಡತಿಯರ ಮೇಲಿನ ಅಭಿಮಾನದಿಂದಲ್ಲ, ತೆರಿಗೆ ಉಳಿಸಲೆಂದೇ 1940ರ ದಶಕದಲ್ಲಿ ತಮ್ಮ ಆಸ್ತಿ ಕಾನೂನು ಬದಲಿಸಿದವು. ಕೊನೆಗೆ 1948ರಲ್ಲಿ ಕಾಂಗ್ರೆಸ್ ಈ ಲಾಭವನ್ನು ದೇಶದ ಎಲ್ಲ ದಂಪತಿಗಳಿಗೂ ಕೊಟ್ಟು ಜಗಳ ಮುಗಿಸಿತು. ಜಂಟಿ ರಿಟರ್ನ್ ಮುಂಚೆಯೂ ಇತ್ತು, ಆದರೆ ಅದರಿಂದ ದುಡ್ಡು ಉಳಿಯತೊಡಗಿದ್ದು ಅಂದಿನಿಂದ. ಮದುವೆಯಾಗಿದೆ ಎಂದು ಸರ್ಕಾರಕ್ಕೆ ತಾವಾಗಿಯೇ ವರ್ಷ ವರ್ಷ ಹೇಳಿಕೊಳ್ಳಲು ಜನರಿಗೆ ಕಾರಣ ಸಿಕ್ಕಿತು.

ಅದರಲ್ಲೂ ಒಂದು ವಿಚಿತ್ರ ನಿಯಮ: ಡಿಸೆಂಬರ್ 31ರಂದು ನೀವು ಏನಾಗಿದ್ದೀರೋ ಇಡೀ ವರ್ಷ ಅದೇ. ಆ ಸಂಜೆ ತಾಳಿ ಕಟ್ಟಿದರೂ ಜನವರಿಯಿಂದಲೇ ಗೃಹಸ್ಥ. ನಮ್ಮ ಪಂಚಾಂಗದ ಮುಂದೆ ಈ ಆಸೆ ನಡೆಯುವುದಿಲ್ಲ ಎನ್ನಿ. ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಹತ್ತಿದರೆ ಸಂಕ್ರಾಂತಿಯವರೆಗೆ ಪುರೋಹಿತರು ಮುಹೂರ್ತವನ್ನೇ ಇಡುವುದಿಲ್ಲ.

ಎರಡನೆಯ ತಿರುವು ಮಕ್ಕಳದ್ದು. ಅವಲಂಬಿತ ಮಕ್ಕಳಿದ್ದರೆ ಅಲ್ಲಿ ಆಗ ತೆರಿಗೆ ವಿನಾಯಿತಿ ಇತ್ತು. ಬಹುಕಾಲ ಬರೀ ಹೆಸರು ಬರೆದರೆ ಸಾಕಿತ್ತು. ಪಟ್ಟಿಯಲ್ಲಿ ಸಾಕುಪ್ರಾಣಿಗಳ ಹೆಸರಿನಂಥವೂ ನುಸುಳುತ್ತಿದ್ದುದನ್ನು ಕಂಡ ಜಾನ್ ಸಿಲಾಗಿ ಎಂಬ ತೆರಿಗೆ ಅಧಿಕಾರಿ, ಮಕ್ಕಳ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನೂ ಕೇಳಿ ಎಂದು ಹಟ ಹಿಡಿದ. 1986ರ ಕಾನೂನಿನಲ್ಲಿ ಅದು ಸೇರಿತು: ಐದು ವರ್ಷ ತುಂಬಿದ ಪ್ರತಿ ಅವಲಂಬಿತರ ಸಂಖ್ಯೆ ಕಡ್ಡಾಯ. 1987ರ ರಿಟರ್ನ್‌ಗಳು ಬಂದಾಗ ಅವಲಂಬಿತರ ಸಂಖ್ಯೆ ಸುಮಾರು 7 ಕೋಟಿ 70 ಲಕ್ಷದಿಂದ 7 ಕೋಟಿಗೆ ಇಳಿದಿತ್ತು. ಇಲ್ಲದ ಮಕ್ಕಳು, ಬೇರೆಯಾದ ತಂದೆತಾಯಿ ಇಬ್ಬರೂ ಬರೆಸಿಕೊಂಡಿದ್ದ ಮಕ್ಕಳು, ಎಲ್ಲ ಒಟ್ಟಿಗೆ ಕಾಣೆ.

ಇಲಾಖೆಗೆ ಬೇಕಿದ್ದದ್ದು ಕಳ್ಳಲೆಕ್ಕ ಹಿಡಿಯುವುದು. ಆದರೆ ಅಂದಿನಿಂದ ಪ್ರತಿ ಮಗು ಯಾವ ಮನೆಯಲ್ಲಿ, ಯಾವ ಊರಿನಲ್ಲಿ ಬೆಳೆಯಿತು ಎಂಬುದು ತಂದೆತಾಯಿಯ ರಿಟರ್ನಿಗೆ ಹೊಲಿದುಕೊಂಡಿತು. ಅದೇ ಮಗು ದೊಡ್ಡದಾಗಿ ಬೇರೆ ಊರಿನಿಂದ ತನ್ನದೇ ರಿಟರ್ನ್ ಹಾಕಿದಾಗ ಜಂಟಿಯೋ ಒಂಟಿಯೋ ಎಂಬುದೂ ಅದೇ ಸಂಖ್ಯೆಯಡಿ ಸಿಗುತ್ತದೆ. ಸಂಶೋಧಕರು ಹೀಗೆ ಜೋಡಿಸಿದ ಕಡತಗಳು 1996ರಿಂದ ಆರಂಭವಾಗುತ್ತವೆ. ಮದುವೆಯ ವಿವರಗಳ ಪುಸ್ತಕ ಮುಚ್ಚಿದ್ದೂ ಅದೇ ವರ್ಷ. ಯಾರೂ ಯೋಜಿಸಿ ಮಾಡಿದ್ದಲ್ಲ.

ಮೂರನೆಯ ತಿರುವು ಎಡಿತ್ ವಿಂಡ್ಸರ್ ಅವರದು. ಅವರೂ ಥಿಯಾ ಸ್ಪೈಯರ್ ಅವರೂ ನ್ಯೂಯಾರ್ಕ್‌ನಲ್ಲಿ ದಶಕಗಳ ಕಾಲ ಬಾಳಿದವರು, 2007ರಲ್ಲಿ ಕೆನಡಾದ ಟೊರಾಂಟೊಗೆ ಹೋಗಿ ಮದುವೆಯಾದರು. 2009ರಲ್ಲಿ ಸ್ಪೈಯರ್ ತೀರಿಕೊಂಡಾಗ ವಿಂಡ್ಸರ್‌ಗೆ 3,63,053 ಡಾಲರ್ ಉತ್ತರಾಧಿಕಾರ ತೆರಿಗೆ ಬಿತ್ತು. ಗಂಡ ಸತ್ತ ಹೆಂಡತಿಗಾಗಿದ್ದರೆ ಅದು ಸೊನ್ನೆ. ಹೆಂಗಸಿಗೆ ಹೆಂಗಸೇ ಸಂಗಾತಿಯಾದರೆ ಆಗ ಕೇಂದ್ರ ಸರ್ಕಾರಕ್ಕೆ ಅದು ಮದುವೆಯೇ ಆಗಿರಲಿಲ್ಲ. 2013ರ ಜೂನ್ 26ರಂದು ಸುಪ್ರೀಂ ಕೋರ್ಟು 84ರ ವಿಂಡ್ಸರ್ ಪರ ನಿಂತಿತು. ಆಗಸ್ಟಿನಲ್ಲಿ ತೆರಿಗೆ ಇಲಾಖೆ ಆದೇಶ ಹೊರಡಿಸಿತು: ನೀವು ಈಗ ವಾಸವಿರುವ ರಾಜ್ಯ ಒಪ್ಪಲಿ ಬಿಡಲಿ, ಮದುವೆ ನಡೆದ ಜಾಗದಲ್ಲಿ ಅದು ಊರ್ಜಿತವಾಗಿದ್ದರೆ ನಮಗೂ ಊರ್ಜಿತ. ನಮ್ಮ ತುಮಕೂರಿನ ಛತ್ರದ ಪ್ರಶ್ನೆಯೇ ಇಲ್ಲಿ ಇನ್ನೊಂದು ವೇಷದಲ್ಲಿ ಬಂತು ನೋಡಿ. ಊರ್ಜಿತವೇ ಎಂದು ನೋಡಲು ಮದುವೆ ನಡೆದ ಊರು. ಎಣಿಸಲು ರಿಟರ್ನಿನ ವಿಳಾಸದ ಊರು. ಎರಡನ್ನೂ ಬೇರೆ ಬೇರೆ ಇಟ್ಟದ್ದರಿಂದಲೇ ನೆವಾಡದ ಎಡವಟ್ಟು ಇಲ್ಲಿ ತಪ್ಪಿತು.

ಹಾಗಾದರೆ ಒಂದೇ ಲಿಂಗದ ದಂಪತಿಗಳು ಎಲ್ಲೆಲ್ಲಿ ಎಷ್ಟಿದ್ದಾರೆ ಎಂದು ತೆರಿಗೆ ಕಡತದಿಂದ ಎಣಿಸಬಹುದಲ್ಲ? ಅಮೆರಿಕದ ಹಣಕಾಸು ಇಲಾಖೆಯ ರಾಬಿನ್ ಫಿಶರ್, ಜೆಫ್ ಗೀ, ಆ್ಯಡಮ್ ಲೂನಿ ಅದಕ್ಕೆ ಕೂತರು. ಕೂತಮೇಲೆ ಗೊತ್ತಾಯಿತು ಇಕ್ಕಟ್ಟು. ರಿಟರ್ನ್ ಫಾರಂ ಹೆಣ್ಣೋ ಗಂಡೋ ಎಂದು ಕೇಳುವುದೇ ಇಲ್ಲ. ಅದನ್ನು ಸೋಷಿಯಲ್ ಸೆಕ್ಯುರಿಟಿ ಕಡತದಿಂದ ತರಬೇಕು. ಆ ಕಡತದಲ್ಲಿ ಎಲ್ಲೋ ಒಬ್ಬಿಬ್ಬರದು ತಪ್ಪಿರುತ್ತದೆ.

ಅದೇನು ಮಹಾ ಎನ್ನಬೇಡಿ. ಒಂದು ಲೆಕ್ಕ ಮಾಡಿ ನೋಡೋಣ. ಐದು ಕೋಟಿ ಗಂಡ-ಹೆಂಡಿರು ಜಂಟಿ ರಿಟರ್ನ್ ಹಾಕುತ್ತಾರೆ ಅನ್ನಿ, ಅಂದರೆ ಹತ್ತು ಕೋಟಿ ಜನ. ಸಾವಿರಕ್ಕೆ ಒಬ್ಬರ ದಾಖಲೆಯಲ್ಲಿ ಹೆಣ್ಣು ಗಂಡಾಗಿದೆ ಅಥವಾ ಗಂಡು ಹೆಣ್ಣಾಗಿದೆ ಅನ್ನಿ. ಒಂದು ಲಕ್ಷ ತಪ್ಪು. ಪ್ರತಿ ತಪ್ಪೂ ಒಂದು ಸಾಮಾನ್ಯ ದಂಪತಿಯನ್ನು ಸಲಿಂಗ ದಂಪತಿಯಾಗಿಸುತ್ತದೆ. ನಿಜವಾದ ಸಲಿಂಗ ದಂಪತಿಗಳೇ ಒಂದೆರಡು ಲಕ್ಷವಿದ್ದರೆ ಎಣಿಕೆಯಲ್ಲಿ ಕಾಳಿನ ಅರ್ಧದಷ್ಟೋ ಸಮಸಮವೋ ಜೊಳ್ಳು ಸೇರಿಬಿಡುತ್ತದೆ. ಮೊರದಲ್ಲಿ ಕೇರಿದರೂ ಹೋಗದ ಜೊಳ್ಳು. ನಮ್ಮ ಮತದಾರರ ಪಟ್ಟಿಯಲ್ಲಿ ಮೀಸೆ ಹೊತ್ತ ಫೋಟೊದ ಕೆಳಗೆ 'ಸ್ತ್ರೀ' ಎಂದಿರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿನ ಜನಗಣತಿ ಇಲಾಖೆ ಇದೇ ಗುಂಡಿಗೆ ಮುಂಚೆಯೇ ಬಿದ್ದಿತ್ತು. 2010ರ ಗಣತಿಯಲ್ಲಿ ವಿವಾಹಿತ ಸಲಿಂಗ ದಂಪತಿಗಳ ಸಂಖ್ಯೆ ಮೊದಲು 3,49,377 ಎಂದು ಬಂತು. ಅನುಮಾನಗೊಂಡು ಹೆಸರುಗಳನ್ನು ತೆಗೆದು ನೋಡಿದರು. ಒಂದು ಹೆಸರು ಆ ರಾಜ್ಯದಲ್ಲಿ ನೂರಕ್ಕೆ ಎಷ್ಟು ಪಾಲು ಗಂಡಸರದು ಎಂಬ ಸೂಚ್ಯಂಕ ಮಾಡಿ, ಹೆಂಗಸೆಂದು ದಾಖಲಾದವರ ಹೆಸರು ಬಹುಪಾಲು ಗಂಡಸರದೇ ಆಗಿದ್ದರೆ ಅದನ್ನು ತಪ್ಪೆಂದು ತೆಗೆದರು. ಸಂಖ್ಯೆ 1,31,729ಕ್ಕೆ ಇಳಿಯಿತು. ಮನೆಮನೆಗೆ ಹೋದ ಗಣತಿದಾರರು ಹಿಡಿದಿದ್ದ ಫಾರಂನ ಚೌಕಗಳು ಒತ್ತೊತ್ತಾಗಿದ್ದದ್ದೇ ಮುಖ್ಯ ಕಾರಣ. ಒಂದು ಚೌಕ ಪಕ್ಕಕ್ಕೆ ಟಿಕ್ ಬಿದ್ದರೆ ಗಂಡ ಹೆಂಡತಿಯಾಗುತ್ತಿದ್ದ. ಈ ಹೆಸರಿನ ಉಪಾಯ ನಮ್ಮಲ್ಲಿ ಅಷ್ಟು ನಡೆಯಲಾರದು. ಕಿರಣ, ಶಶಿ, ಸುಮನ್, ಕಾಂತಿ — ನಮ್ಮ ಬೀದಿಯಲ್ಲೇ ಇಬ್ಬರು ಕಿರಣರಿದ್ದಾರೆ, ಒಬ್ಬ ಗಂಡ, ಇನ್ನೊಬ್ಬಳು ಬೇರೆಯವನ ಹೆಂಡತಿ.

ತೆರಿಗೆ ಕಡತದ ಮೂವರು ಜೊಳ್ಳು ತೂರಿ ತೆಗೆದ ಮೇಲೆ 2016ರಲ್ಲಿ ಕೊಟ್ಟ ಅಂದಾಜು: 2014ರಲ್ಲಿ ಜಂಟಿ ರಿಟರ್ನ್ ಹಾಕಿದ ಸಲಿಂಗ ದಂಪತಿಗಳು 1,83,280, ಒಟ್ಟು ಜಂಟಿ ರಿಟರ್ನ್‌ಗಳಲ್ಲಿ ಶೇಕಡ ಮೂರನೇ ಒಂದರಷ್ಟು ಮಾತ್ರ. ಜಿಪ್ ಕೋಡಿನ (ಅಲ್ಲಿನ ಪಿನ್ ಕೋಡ್) ಮೊದಲ ಮೂರು ಅಂಕಿಗಳನ್ನು ಹಿಡಿದು, ಅಂದರೆ ನಾಲ್ಕಾರು ತಾಲ್ಲೂಕು ಸೇರಿದಷ್ಟು ಜಾಗಕ್ಕೊಂದರಂತೆ, ನಕ್ಷೆಯೂ ಸಿದ್ಧವಾಯಿತು. ಸ್ಯಾನ್ ಫ್ರಾನ್ಸಿಸ್ಕೊ, ಸಿಯಾಟಲ್‌ಗಳು ಮೇಲೆ ಬಂದವು ಎನ್ನುವುದು ಸುದ್ದಿಯೇನಲ್ಲ. ಯಾರನ್ನೂ ಮನೆ ಬಾಗಿಲು ತಟ್ಟಿ ಕೇಳದೆ ಇಷ್ಟು ಸೂಕ್ಷ್ಮ ವಿಷಯದ ನಕ್ಷೆ ಬಂತಲ್ಲ, ಅದು ಸುದ್ದಿ.

ಈ ನಡುವೆ ಮಕ್ಕಳ ಎಳೆ ಹಿಡಿದವರು ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ ಮತ್ತು ನಥಾನಿಯಲ್ ಹೆಂಡ್ರೆನ್. ಅವರ ಮೂಲ ಪ್ರಶ್ನೆ, ಬಡವರ ಮಕ್ಕಳು ಯಾವ ಊರಿನಲ್ಲಿ ಬೆಳೆದರೆ ಮುಂದೆ ಬರುತ್ತಾರೆ ಎಂಬುದು. ಅದರ ಜೊತೆಗೇ ಮದುವೆಯ ಉತ್ತರವೂ ಸಿಕ್ಕಿತು. ಯೂಟಾದಲ್ಲಿ ಬೇಗ ಮದುವೆಯಾಗುತ್ತಾರೆ, ವಾಷಿಂಗ್ಟನ್ ನಗರದಲ್ಲಿ ತಡವಾಗಿ ಎನ್ನುವುದು ಎಲ್ಲರಿಗೂ ಗೊತ್ತು. ಅದು ಊರಿನ ಗುಣವೋ, ಅಂಥವರೇ ಆ ಊರಿಗೆ ಹೋಗಿ ನೆಲೆಸುತ್ತಾರೋ? ಮಾರ್ಮನ್ ಪಂಥದವರು ಯೂಟಾದಲ್ಲಿರುವುದರಿಂದ ಹಾಗೋ, ಯೂಟಾ ಯಾರನ್ನಾದರೂ ಹಾಗೆ ಮಾಡುತ್ತದೋ?

ಇದನ್ನು ಬೇರ್ಪಡಿಸಲು ಅವರು ಊರು ಬಿಟ್ಟು ಊರಿಗೆ ಹೋದ ಕುಟುಂಬಗಳ 50 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ತೆಗೆದುಕೊಂಡರು. ಒಂದೇ ಮನೆಯ ಅಣ್ಣ ಹದಿನಾಲ್ಕಕ್ಕೆ ಹೊಸ ಊರಿಗೆ ಬಂದ, ತಮ್ಮ ಆರಕ್ಕೆ ಬಂದ. ಅಪ್ಪ ಅಮ್ಮ ಅವರೇ, ಧರ್ಮ ಅದೇ, ಆಸ್ತಿಯೂ ಅದೇ. ಹೊಸ ಊರಿನ ನೀರು ಕುಡಿದ ವರ್ಷಗಳು ಮಾತ್ರ ಬೇರೆ. ತಮ್ಮ ಅಣ್ಣನಿಗಿಂತ ಹೊಸ ಊರಿನವರ ರೀತಿಗೆ ಹತ್ತಿರವಾಗಿದ್ದರೆ ಅಷ್ಟು ಊರಿನದೇ ಪಾಲು. 26ನೇ ವಯಸ್ಸಿಗೆ ಮದುವೆಯಾಗಿದೆಯೇ ಎಂದು ನೋಡಿದಾಗ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ, ಬಾಸ್ಟನ್, ಶಿಕಾಗೊ, ವಾಷಿಂಗ್ಟನ್‌ಗಳಲ್ಲಿ ಬಾಲ್ಯ ಕಳೆದವರಲ್ಲಿ ಆ ಸಾಧ್ಯತೆ ಉಳಿದ ದೇಶಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಕಡಿಮೆ. ಯೂಟಾ, ಇಡಾಹೊದ ದಕ್ಷಿಣ ಭಾಗಗಳಲ್ಲಿ ಹೆಚ್ಚು. 2015ರ ಮೇ ತಿಂಗಳಲ್ಲಿ ಇದು ಪತ್ರಿಕೆಯಲ್ಲಿ ನಕ್ಷೆಯಾಗಿ ಬಂದಾಗ ಅಮೆರಿಕನ್ನರು ಅದರಲ್ಲಿ ಚುನಾವಣೆಯ ನಕ್ಷೆಯನ್ನೇ ಕಂಡರು. ಒಂದು ಪಕ್ಷದ ಊರುಗಳು, ಇನ್ನೊಂದು ಪಕ್ಷದ ಊರುಗಳು.

26ಕ್ಕೆ ಮದುವೆಯಾಗದಿರುವುದನ್ನು ಮದುವೆಯೇ ಆಗದಿರುವುದು ಎಂದು ಓದಿದರೆ ತಪ್ಪು. ಚೆಟ್ಟಿ, ಹೆಂಡ್ರೆನ್ ಮತ್ತು ಜೊತೆಗಾರರು 2018ರ ಅಕ್ಟೋಬರಿನಲ್ಲಿ ತಂದ 'ಅವಕಾಶಗಳ ನಕ್ಷೆ' ಆ ಕೊರತೆಯನ್ನು ಸ್ವಲ್ಪ ತುಂಬಿತು. 1978ರಿಂದ 83ರ ನಡುವೆ ಹುಟ್ಟಿದ ಎರಡು ಕೋಟಿಗೂ ಹೆಚ್ಚು ಮಂದಿ, ಅವರು ಬೆಳೆದ ಸುಮಾರು 70 ಸಾವಿರ ಬಡಾವಣೆಗಳು, ಮೂವತ್ತು ದಾಟಿದ ಮೇಲೆ ಅವರಲ್ಲಿ ಎಷ್ಟು ಜನ ವಿವಾಹಿತರು. ಹೆಸರು, ವಿಳಾಸ ಕಿತ್ತು ಗುಪ್ತ ಸಂಖ್ಯೆ ಹಾಕಿದ್ದಾರೆ. ಅಷ್ಟಕ್ಕೂ ನಂಬದೆ ಪ್ರತಿ ಬಡಾವಣೆಯ ಅಂಕಿಗೂ ಬೇಕೆಂದೇ ಚೂರು ಕಲಬೆರಕೆ ಸೇರಿಸಿದ್ದಾರೆ, ಯಾರ ಮನೆಯ ಸಂಗತಿಯೂ ಬಯಲಾಗದಿರಲಿ ಎಂದು. ತೀರ ಬಡವರು ರಿಟರ್ನನ್ನೇ ಹಾಕದಿರಬಹುದು, ಕೆಲವರು ಸಹಾಯಧನ ಕಡಿಮೆಯಾದೀತೆಂದು ಮದುವೆ ಮುಚ್ಚಿಡಬಹುದು. ಈ ತೂತುಗಳು ಇದ್ದೇ ಇವೆ.

ನಮ್ಮ ತೆರಿಗೆ ಕಡತಕ್ಕೆ ಮದುವೆ ಗೊತ್ತಿಲ್ಲ. ನಮ್ಮದು ಒಬ್ಬೊಬ್ಬರದೇ ರಿಟರ್ನ್. ಪ್ಯಾನ್ ಕಾರ್ಡಂತೂ ಮದುವೆಯಾಗಿ ಮೊಮ್ಮಕ್ಕಳನ್ನು ಕಂಡ ಹೆಂಗಸಿನ ಮುಂದೆಯೂ ತಂದೆಯ ಹೆಸರನ್ನೇ ಅಚ್ಚು ಹಾಕುತ್ತದೆ. ಮದುವೆ ನೋಂದಣಿಗೆ ಕರ್ನಾಟಕದಲ್ಲಿ 1976ರ ಕಾಯ್ದೆಯಿದೆ. ನೋಂದಣಿ ಕಡ್ಡಾಯವಾಗಬೇಕೆಂದು 2006ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿತು. 2024ರಿಂದ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಆದರೂ ಆ ದಿನ ಬೆಂಚಿನ ಮೇಲಿದ್ದ ನಾಲ್ಕು ಜೋಡಿಗಳಲ್ಲಿ ಮೂರು ಪಾಸ್‌ಪೋರ್ಟಿಗೋ ವೀಸಾಕ್ಕೋ ಬಂದವು, ಒಂದು ಮನೆಯವರ ವಿರೋಧ ಕಟ್ಟಿಕೊಂಡು ಬಂದದ್ದು. ಅಕ್ಕ-ಭಾವನ ಮದುವೆ ಇಂದಿಗೂ ಯಾವ ಪುಸ್ತಕದಲ್ಲೂ ಇಲ್ಲ; ಬೇಕಾಗಿಯೇ ಇರಲಿಲ್ಲ. ಹೀಗಿರುವಾಗ ತಾಲ್ಲೂಕುವಾರು ನೋಂದಣಿಯ ನಕ್ಷೆ ಬರೆದರೆ ಅದು ಮದುವೆಯದ್ದಕ್ಕಿಂತ ವೀಸಾದ ನಕ್ಷೆಯಾದೀತು. ನನಗೆ ಕೇಳಿದರೆ ಮತದಾರರ ಪಟ್ಟಿಯೇ ಮೇಲು. ಅಲ್ಲಿ ಹೆಂಗಸಿನ ಹೆಸರಿನ ಕೆಳಗೆ 'ತಂದೆ' ಹೋಗಿ 'ಗಂಡ' ಬರುವುದನ್ನು ವರ್ಷ ವರ್ಷ ಎಣಿಸಬಹುದು, ಬೂತಿನ ಮಟ್ಟದವರೆಗೂ. ಗಂಡಸಿನ ಹೆಸರಿನ ಕೆಳಗೆ ಮಾತ್ರ ಸಾಯುವವರೆಗೂ ತಂದೆಯೇ. ಅವನ ಮದುವೆ ಆ ಪಟ್ಟಿಗೆ ತಿಳಿಯುವುದೇ ಇಲ್ಲ.

ಮೊನ್ನೆ ಮಾರ್ಚಿನಲ್ಲಿ ಅಕ್ಕನ ಮಗ ಸಿಯಾಟಲ್‌ನಿಂದ ಫೋನು ಮಾಡಿದ್ದ. ರಿಟರ್ನ್ ಹಾಕುತ್ತಿದ್ದಾನಂತೆ. "ಮಾವ, ಕಾರ್ತಿಕದಲ್ಲೇ ಮುಹೂರ್ತ ಇಟ್ಟಿದ್ದು ಒಳ್ಳೇದಾಯ್ತು, ಇಡೀ ವರ್ಷ ಮದುವೆಯಾಗಿದ್ದೆ ಅಂತ ಲೆಕ್ಕ" ಎಂದು ನಕ್ಕ. ಅವಳ ಹೆಸರು ಸೇರಿಸಿದ್ದಾನೆ, ಅವಳಿಗೊಂದು ತೆರಿಗೆ ಸಂಖ್ಯೆಗೆ ಪಾಸ್‌ಪೋರ್ಟಿನ ನಕಲು ಲಗತ್ತಿಸಿದ್ದಾನೆ. ಫಾರಂನಲ್ಲಿ ಮದುವೆ ಎಲ್ಲಿ ನಡೆಯಿತು ಅಂತ ಕೇಳಿದ್ದಾರಾ ಎಂದೆ. ಸ್ವಲ್ಪ ಹೊತ್ತು ಹುಡುಕಿ, "ಇಲ್ಲ ಮಾವ, ಈಗಿನ ಅಡ್ರೆಸ್ ಮಾತ್ರ" ಎಂದ.